ಸವತಿ ಬೇಡವೆಂದದ್ದು ನನಗೂ ಬೇಡ

ನಾನು ಪಲ್ಯದ ಬಟ್ಟಲಿಗೆ ಬೆಳ್ಳಿಯ ಮುಖವೊಂದನ್ನು ಇಳಿಬಿಡುವುದನ್ನು ನೋಡಿ ನಮ್ಮ ಮನೆಗೆ ಹೊಸದಾಗಿ ಬಂದವರು ಹೌಹಾರುತ್ತಾರೆ. "ಇದೇನ್ರೀ ಕಾಶವ್ವಾ, ದೇವರಿಗಿ ಪಲ್ಯಾದಾಗ ಮುಳಗಸ್ಲತ್ತೀರಿ?" ಎಂದು ಕೇಳುತ್ತಾರೆ. ದೇವರಲ್ಲ, ಆಕೆ ನನ್ನ ಸವತಿ ಎನ್ನುತ್ತೇನೆ. ಕೆಲವರು ಊಟಕ್ಕೂ ನಿಲ್ಲದೆ ಎದ್ದು ಹೋದದ್ದಿದೆ. ಹೋದರೆ ಹೋಗಲಿ, ನಮ್ಮ ಅನ್ನ ಉಳಿಯಿತು.

ಇಷ್ಟು ವರ್ಷವಾದ ಮೇಲೆ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ಎಲ್ಲೋ ಒಂದು ಕತ್ತಲೆ ಕೋಣೆಯಲ್ಲಿ ಒಬ್ಬ ಬಾಣಂತಿ ತನ್ನ ಮೈಯಿಂದ ಏಳುವ ವಾಸನೆಗೆ ತಾನೇ ಹೆದರಿ, ಯಾರಿಗೂ ಹೇಳಲಾರದೆ ಕುಳಿತಿರಬಹುದು. ಆಕೆಗೆ ಹೇಳಬೇಕಿದೆ: ತಂಗಿ, ನಾನೂ ಹಾಗೆಯೇ ಕುಳಿತಿದ್ದೆ.

ನಾನು ಗುಂಜೋಟಿಯ ಮಗ್ಗುಲ ಊರಿನ ಒಕ್ಕಲುಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ನನ್ನ ಗಂಡ ಶರಣಪ್ಪನ ಮೊದಲ ಹೆಂಡತಿ ನೀಲಮ್ಮ ಬಾಣಂತನದಲ್ಲಿ ತೀರಿಹೋಗಿದ್ದಳು. ನಮ್ಮ ಕಡೆ ಒಂದು ಪದ್ಧತಿಯಿದೆ. ಸತ್ತವಳ ಜಾಗಕ್ಕೆ ಬಂದವಳು ಅವಳ ಮುಖವನ್ನು ರೂಪಾಯಿಯಗಲದ ಬೆಳ್ಳಿಯ ತಗಡಿನ ಮೇಲೆ ಒತ್ತಿಸಿ ಕೊರಳಲ್ಲಿ ಕಟ್ಟಿಕೊಳ್ಳಬೇಕು. ಅದಕ್ಕೆ ಟಾಕ ಎನ್ನುತ್ತಾರೆ. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಬೇಕು, ಊಟಕ್ಕೆ ಕುಳಿತರೆ ಮೊದಲ ತುತ್ತು ಅದಕ್ಕೆ ಹಿಡಿಯಬೇಕು. ಹಾಗೆ ಮಾಡಿದರೆ ಸತ್ತವಳಿಗೆ ಹೊಟ್ಟೆಕಿಚ್ಚಾಗುವುದಿಲ್ಲವಂತೆ. ಮುಖವೆಂದರೆ ನೀಲಮ್ಮನ ಮುಖವೇನೂ ಅಲ್ಲ. ಉಮರ್ಗಾದ ಅಕ್ಕಸಾಲಿಗ ಎಲ್ಲರ ಸವತಿಯರಿಗೂ ಒಂದೇ ಅಚ್ಚು ಒತ್ತುತ್ತಿದ್ದ. ಎರಡು ಕಣ್ಣು, ಒಂದು ಮೂಗು, ಬಿಗಿದುಕೊಂಡ ತುಟಿ. ಆದರೂ ಮಾತಾಡುವಾಗ ನನ್ನ ಗಂಡನ ಕಣ್ಣು ಒಂದೊಂದು ಸಲ ನನ್ನ ಮುಖ ಬಿಟ್ಟು ಕೊರಳಿಗೆ ಇಳಿಯುತ್ತಿತ್ತು. ನಾನು ಸೆರಗು ಎಳೆದುಕೊಳ್ಳುತ್ತಿದ್ದೆ.

ನೀಲಮ್ಮ ಸತ್ತದ್ದು ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ನಿಗೆ ಮುಂಚೆ, ರಜಾಕಾರರ ಗದ್ದಲದಲ್ಲಿ. ದಾರಿಗಳೆಲ್ಲ ಬಂದಾಗಿ ತವರಿಗೆ ಹೋಗಲಾಗದೆ ಗಂಡನ ಮನೆಯಲ್ಲೇ ಹೆತ್ತಳು. ಕೂಸು ಅವಳ ಮೊಲೆ ಹಿಡಿಯಲಿಲ್ಲ. ಅದು ಹೋಯಿತು, ಹಿಂದೆಯೇ ಅವಳೂ ಹೋದಳು. ಹೊಲದ ಬದುವಿನಲ್ಲಿ ಅವಸರದಿಂದ ಮಣ್ಣು ಮಾಡಿದರು. ಇಷ್ಟನ್ನು ಮದುವೆಗೆ ಮುಂಚೆಯೇ ನನಗೆ ಹೇಳಿದ್ದರು. ಹೇಳದೆ ಬಿಟ್ಟದ್ದು ಒಂದು ಮಾತು, ಅದು ಆಮೇಲೆ ಗೊತ್ತಾಯಿತು.

ದಾಳಿಂಬ ಎಂಬ ಊರಿನ ನನ್ನ ತವರಿನಲ್ಲಿ ತಾಯಿ ಇರಲಿಲ್ಲ. ಹೀಗಾಗಿ ನನ್ನ ಬಾಣಂತನವೂ ಗಂಡನ ಮನೆಯಲ್ಲೇ ಆಯಿತು, ಅದೇ ಕೋಣೆಯಲ್ಲಿ. ನಮ್ಮ ಮಗ್ಗುಲಿನ ನಿಲಂಗಾ, ಉದಗೀರ ತಾಲೂಕುಗಳನ್ನು ಬೀದರ ಜಿಲ್ಲೆಯಿಂದ ಬಿಡಿಸಿ ಮುಂಬಯಿ ರಾಜ್ಯಕ್ಕೆ ಜೋಡಿಸಿದ ಹೊಸತು. ಹೊರಗೆ ಗಂಡಸರು ಕನ್ನಡವೋ ಮರಾಠಿಯೋ ಎಂದು ಕಟ್ಟೆಯ ಮೇಲೆ ಕೂಗಾಡುತ್ತಿದ್ದರು. ಕಿಟಕಿಯಿಲ್ಲದ ನನ್ನ ಕೋಣೆಗೆ ಬರೀ ಗದ್ದಲ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹೊರಸಿನ ಕೆಳಗೆ ಬೆಂಕಿ, ದಿಂಬಿನ ಕೆಳಗೆ ಕುಡುಗೋಲು, ಬಾಗಿಲಿಗೆ ಕಂಬಳಿ. ಮುಂಜಾನೆ ಸಂಜೆ ಕೆಂಡದ ಮೇಲೆ ಅಜವಾನ ಮತ್ತು ಬೆಳ್ಳುಳ್ಳಿ ಸಿಪ್ಪೆ ಸುರಿದು ಹೊಗೆ ಹಾಕುತ್ತಿದ್ದರು. ಗೋಡೆ ಮುಟ್ಟಿದರೆ ಕೈಗೆ ಆ ವಾಸನೆ ಅಂಟುತ್ತಿತ್ತು. ಹಳೆಯ ಹೊಗೆ ಎಷ್ಟು, ಹೊಸ ಹೊಗೆ ಎಷ್ಟು ಎಂದು ಮಲಗಿದಲ್ಲೇ ಯೋಚಿಸುತ್ತಿದ್ದೆ.

ನನ್ನ ಅತ್ತೆ ಕೆಟ್ಟವಳಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಸುಮ್ಮನೆ ಅವಳಿಗೆ ಶಾಪ ಹಾಕುತ್ತಾರೆ. ಬಾಣಂತಿಗೆ ಹಾಲು ಇಳಿಯಬೇಕಾದರೆ ಬೆಳ್ಳುಳ್ಳಿ ಬೇಕು ಎಂದು ಅವಳ ಅತ್ತೆ ಕಲಿಸಿದ್ದಳು, ಅವಳು ಅದನ್ನೇ ನಂಬಿದ್ದಳು. ತುಪ್ಪದಲ್ಲಿ ಕರಿದ ಬೆಳ್ಳುಳ್ಳಿ, ಸಬ್ಬಸಿಗೆ ಪಲ್ಯದಲ್ಲಿ ಇಡೀ ಇಡೀ ಬೆಳ್ಳುಳ್ಳಿ, ತೊಗರಿಬೇಳೆಗೆ ಇಂಗು ಸಾಸಿವೆಯ ಒಗ್ಗರಣೆ, ರೊಟ್ಟಿಯ ಮೇಲೆ ಬೆಳ್ಳುಳ್ಳಿ ಖಾರ. ತಾನು ಅರೆಹೊಟ್ಟೆ ಉಂಡು ತುಪ್ಪವನ್ನೆಲ್ಲ ನನಗೆ ಸುರಿಯುತ್ತಿದ್ದಳು. "ಉಣ್ಣು ಯವ್ವಾ, ನೀ ಉಂಡ್ರ ಕೂಸಿಗಿ ಸಿಗ್ತದ" ಎಂದು ಎದುರಿಗೇ ಕೂಡುತ್ತಿದ್ದಳು.

ಉಂಡೆ. ಸ್ವಲ್ಪ ದಿನಕ್ಕೇ ಹೊಟ್ಟೆ ಉಬ್ಬಿ ಬಿಗಿಯಿತು. ಮೈಮೇಲೆಲ್ಲ ಕೆಂಪು ದದ್ದು. ತೇಗಿದರೆ ತೋಟಾ ಹಾರಿಸಿದ ಮೇಲೆ ಬರುವಂಥ ವಾಸನೆ. ಎರೆದುಕೊಂಡು ಬಂದು ಮಲಗಿದರೆ ತಲೆ ಒಣಗುವುದರೊಳಗೆ ಅದೇ ವಾಸನೆ ಚರ್ಮದಿಂದ ಏಳುತ್ತಿತ್ತು. ಕಡೆಕಡೆಗೆ ಹಾಲಿನಲ್ಲೂ, ನೀರಿನಲ್ಲೂ, ಒಗೆದ ಬಟ್ಟೆಯಲ್ಲೂ ಅದೇ ಕಾಣತೊಡಗಿ ನನ್ನ ಮೂಗನ್ನು ನಾನೇ ನಂಬದಂತಾಯಿತು. ನನ್ನ ಮಗಳು ಎದೆಗೆ ಬಾಯಿ ಹಚ್ಚಿ ಮುಖ ತಿರುಗಿಸಿ ಚೀರುತ್ತಿದ್ದಳು. ಆಮೇಲೆ ಚೀರುವುದನ್ನೂ ಬಿಟ್ಟು ನನ್ನ ಕೊರಳ ಕಡೆ ಕಣ್ಣು ನೆಟ್ಟು ಸುಮ್ಮನೆ ಇರುತ್ತಿದ್ದಳು.

ಅವಳ ಕಣ್ಣು ಹೋದಲ್ಲಿ ನಾನೂ ನೋಡಿಕೊಂಡೆ. ಟಾಕ ಕಪ್ಪಾಗಿತ್ತು. ಕಣ್ಣಿದ್ದ ಜಾಗದಲ್ಲಿ ಎರಡು ತೂತು ಇದ್ದಂತೆ ಕಾಣುತ್ತಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ಕದ್ದು ತಿಕ್ಕಿದೆ. ಮೊದಲು ಮೂಗು ಬೆಳ್ಳಗಾಯಿತು, ಆಮೇಲೆ ತುಟಿ. ಕಣ್ಣು ಬರುವ ತನಕ ತಿಕ್ಕಲು ನನಗೆ ಧೈರ್ಯವಾಗಲಿಲ್ಲ. ಮರುದಿನ ನೋಡಿದರೆ ಮತ್ತೆ ಕಪ್ಪು.

ಒಂದು ಮಧ್ಯಾಹ್ನ ನನ್ನ ಗಂಡ ಹೊಲದಿಂದ ಬಂದು ಪಡಸಾಲೆ ದಾಟುತ್ತಿದ್ದ. ಬಾಣಂತಿಯ ಕೋಣೆಗೆ ಗಂಡಸರು ಬರುವಂತಿಲ್ಲ. ಕಂಬಳಿಯ ಆಚೆ ಅವನ ಹೆಜ್ಜೆ ನಿಂತಿತು. ನಾನು ತೇಗಿದ್ದೆ, ವಾಸನೆ ಅವನಿಗೆ ತಟ್ಟಿರಬೇಕು. ಅವನು ಮೆಲ್ಲಗೆ ಕರೆದ: "ನೀಲಾ?"

ಇಡೀ ಕಾಯಿಲೆಯಲ್ಲಿ ನಾನು ಅಷ್ಟು ಹೆದರಿದ್ದು ಅದೊಂದೇ ಸಲ. ನಾನು ಓ ಎನ್ನಲಿಲ್ಲ, ಅವನೂ ಮತ್ತೆ ಕರೆಯಲಿಲ್ಲ.

ಸಂಜೆ ಅತ್ತೆ ಬಂದು ನನ್ನ ಸೆರಗು ಸರಿಸಿ ಟಾಕ ನೋಡಿದಳು. "ಬಂದಾಳ. ಆಕಿ ಬಂದಾಳ" ಎಂದಳು. ಆಗ ಹೊರಬಿತ್ತು, ನನ್ನಿಂದ ಮುಚ್ಚಿಟ್ಟಿದ್ದ ಮಾತು. ಸಾಯುವ ಮುಂಚೆ ನೀಲಮ್ಮನ ಮೈಯೂ ಹೀಗೇ ನಾರುತ್ತಿತ್ತಂತೆ, ಅವಳ ಮೈಮೇಲಿನ ಬೆಳ್ಳಿಯೆಲ್ಲ ಕಪ್ಪಾಗಿತ್ತಂತೆ.

ದೆವ್ವ ಬಿಡಿಸಲು ಏನು ಮಾಡಿದರು ಕೇಳಿ. ಸಾಸಿವೆ, ಬೆಳ್ಳುಳ್ಳಿ ಸಿಪ್ಪೆ, ಇಂಗು ಸೇರಿಸಿ ಹೊಗೆ ಹಾಕಿದರು. ಬೆಳ್ಳುಳ್ಳಿ ಎಸಳು ಪೋಣಿಸಿ ಕೊರಳಿಗೆ ಕಟ್ಟಿದರು. ದದ್ದಿಗೆ ಗಂಧಕದ ಪುಡಿ ಎಣ್ಣೆಯಲ್ಲಿ ಕಲಸಿ ಸವರಿದರು. ಊಟದಲ್ಲಿ ಬೆಳ್ಳುಳ್ಳಿ ಇಮ್ಮಡಿಯಾಯಿತು. ಔಷಧ ಹೆಚ್ಚಿದಂತೆಲ್ಲ ಟಾಕ ಕಪ್ಪಾಯಿತು, ಅದು ಕಪ್ಪಾದಂತೆಲ್ಲ ಔಷಧ ಹೆಚ್ಚಿತು. ಕೂಸನ್ನು ನನ್ನ ಮಗ್ಗುಲಿಂದ ಎತ್ತಿಕೊಂಡು ಹೋದರು. ನಡುಮನೆಯಲ್ಲಿ ಅದಕ್ಕೆ ಬತ್ತಿಯಲ್ಲಿ ಆಡಿನ ಹಾಲು ಹಿಂಡುವುದು ನನಗೆ ಕೇಳಿಸುತ್ತಿತ್ತು. ಅದರ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು.

"ನೋಡವ್ವಾ" ಎಂದಳು ಅತ್ತೆ, ಬಾಗಿಲಲ್ಲೇ ನಿಂತು. "ಒಂದು ಕೂಸು ಆಕಿ ಕೂಡ ಹೋಗ್ಯಾದ. ಇದಕ್ಕ ನಾ ಬಿಡಂಗಿಲ್ಲ. ನಿನಗ ಆರಾಮಾಗಲಿಲ್ಲಂದ್ರ ದಾಳಿಂಬಕ್ಕ ಹೋಗು. ಕೂಸು ಇಲ್ಲೇ ಇರ್ತದ."

"ನನ್ನ ಕೂಸಿಗಿ ಬಿಟ್ಟು ಎಲ್ಲಿಗಿ ಹೋಗ್ಲಿ ಅತ್ತಿ?" ಎಂದೆ. ಅವಳೂ ಅತ್ತಳು, ನಾನೂ ಅತ್ತೆ. ಮಾತು ಮಾತ್ರ ಬದಲಾಗಲಿಲ್ಲ.

ನನ್ನ ಗಂಡ ಹೆಚ್ಚು ಮಾತಾಡುವವನಲ್ಲ. ಮರುದಿನ ಬಂಡಿ ಹೂಡಿ ಬಾಗಿಲಿಗೆ ತಂದು ನಿಲ್ಲಿಸಿ, "ಏಳು, ದವಾಖಾನಿಗಿ ಹೋಗೂಣು" ಎಂದ. ನಿಲಂಗಾದಲ್ಲಿ ಕೆಂಪು ನೀರಿನ ಔಷಧ ಕೊಟ್ಟು ಉದಗೀರಿಗೆ ಹೋಗಿ ಎಂದರು. ಮೋಟಾರಿನಲ್ಲಿ ಜನ ನನ್ನ ಮಗ್ಗುಲು ಬಿಟ್ಟು ನಿಂತುಕೊಂಡೇ ಬಂದರು. ಬಾಣಂತಿಯ ಮೇಲೆ ಮರ್ಯಾದೆ ಎಂದುಕೊಂಡಿರೇನು? ವಾಸನೆ.

ಉದಗೀರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರ್ ಸಾಹೇಬರಿದ್ದರು. ಅವರ ಮನೆಯ ಪಡಸಾಲೆಯೇ ದವಾಖಾನೆ. ನಾನು ಬಾಕಿನ ಮೇಲೆ ಕುಳಿತೊಡನೆ ಬಾಕು ಖಾಲಿಯಾಯಿತು. ಗಂಡ ನೀರು ತರಲು ಹೊರಗೆ ಹೋಗಿದ್ದ. ಆಗ ಕುರಿ ಕಾಯುವವರ ಮನೆಯ ಮುದುಕಿಯೊಬ್ಬಳು, ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಬೀರಪ್ಪನ ಭಂಡಾರ, ಗೋಡೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕುಳಿತಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ನಾನು ಸರಿಯಲು ಹೋದೆ.

"ಯಾಕ ಸರೀತಿ? ನಮ್ಮ ಕುರಿದಡ್ಡ್ಯಾಗ ಇದಕ್ಕಿಂತ ಜೋರು ವಾಸನಿ ಇರ್ತದ. ಕೂಡು" ಎಂದಳು. ಎಷ್ಟು ದಿನದ ಮೇಲೋ ಒಬ್ಬರು ನನ್ನ ಮೈಗೆ ಮೈ ತಾಗಿಸಿ ಕುಳಿತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಮುದುಕಿ ಇನ್ನಷ್ಟು ಸರಿದು ಆಚೆ ಬದಿಯಲ್ಲಿ ಬಾಕಿನ ಮೇಲೆ ಕೈ ತಟ್ಟಿದಳು. "ನಿನ್ನ ಕೂಡ ಬಂದಾಕಿಗೂ ಕೂಡ್ಲಾಕ ಹೇಳು. ಆವಾಗಿನಿಂದ ನಿಂತೇ ಅದಾಳ."

ನನ್ನ ಜೊತೆ ಯಾವ ಹೆಂಗಸೂ ಬಂದಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ನನ್ನನ್ನು ಕರೆದರು.

ಸಾಹೇಬರು ನಾಡಿ ಹಿಡಿದರು, ಹೊಟ್ಟೆ ಒತ್ತಿದರು. ಆಮೇಲೆ ಟಾಕದ ಮೇಲೆ ಬೆರಳು ಸವರಿ ಕಪ್ಪನ್ನು ನೋಡಿದರು. "ಯೇ ಚಾಂದಿ ಕಬ್ ಕಾಲಿ ಹುಯೀ, ಬೇಟಿ?" ಎಂದರು. ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು. "ಬೆಳ್ಳಿ ಯಾವಾಗಿಂದ ಕಪ್ಪಾಗ್ಲತ್ತದ? ಏನು ಉಣ್ತಿ?"

ಹೇಳಿದೆ. ತುಪ್ಪದ ಬೆಳ್ಳುಳ್ಳಿಯಿಂದ ಹಿಡಿದು ಕೊರಳಿನ ಬೆಳ್ಳುಳ್ಳಿಯವರೆಗೆ. ಹೇಳುತ್ತ ಹೋದಂತೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಇಂಗು, ಸಾಸಿವೆ, ಇವುಗಳಲ್ಲೆಲ್ಲ ಗಂಧಕವಿದೆ, ಉಳಿದವರಿಗೆ ಅದು ಅರಗುತ್ತದೆ, ನಿನ್ನ ಹೊಟ್ಟೆಗೆ ಆಗದು, ಒಳಗೇ ಕೊಳೆತು ಉಸಿರಿಗೆ, ಬೆವರಿಗೆ, ಹಾಲಿಗೆ ಬರುತ್ತದೆ ಎಂದರು. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ, ಅಷ್ಟೇ.

"ಮತ್ತ ಏನು ಉಣ್ಲಿರೀ?"

"ನಿಮ್ಮ ಹಳ್ಳಿ ಅಡಿಗಿ ಎಲ್ಲಾ ನನಗೇನು ಗೊತ್ತದ? ಇದು ಯಾರ ಮುಖ?"

"ನನ್ನ ಸವತಿದು ರೀ. ಮೊದಲ ತುತ್ತು ಆಕಿಗೇ."

ಸಾಹೇಬರು ಮತ್ತೆ ಕನ್ನಡಕ ಹಾಕಿಕೊಂಡರು. "ಹಂಗಾರ ಆಕಿಗೇ ಕೇಳು. ಏನೇ ಅಡಿಗಿ ಮಾಡಿದ್ರೂ ಒಂದು ಬಟ್ಟಲದಾಗ ಹಾಕಿ ಇದಕ್ಕ ಅದರಾಗ ಮುಳುಗಿಸಿ ಇಡು. ಮುಂಜಾನಿ ನೋಡು. ಆಕಿ ಕಪ್ಪಾದ್ರ ನಿನಗ ಅದು ಬ್ಯಾಡ" ಎಂದರು.

ಹೊರಗೆ ಬಂದು ನೋಡಿದರೆ ಮುದುಕಿ ಇರಲಿಲ್ಲ. ಅವಳು ಕೈ ತಟ್ಟಿದ್ದ ಜಾಗದಲ್ಲಿ ಯಾರೂ ಕುಳಿತಿರಲಿಲ್ಲ.

ಮನೆಗೆ ಬಂದು ಗಂಧಕದ ಮಾತು ಹೇಳಿದೆ. ಅತ್ತೆ ಒಪ್ಪಲಿಲ್ಲ. "ಬಳ್ಳೊಳ್ಳಿ ಬಿಟ್ಟ ಬಾಣಂತಿಗಿ ನಾ ನೋಡಿಲ್ಲ" ಎಂದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬೇರೆ ದಾರಿ ಹಿಡಿದೆ. ಕೊರಳಿನಿಂದ ಟಾಕ ಬಿಚ್ಚಿದೆ. ಅವಳು ಹಾ ಹಾ ಎಂದು ಓಡಿಬಂದಳು.

"ನೀಲಕ್ಕಗ ಉಣ್ಲಾಕ ಕೂಡಸ್ಲತ್ತೀನಿ ಅತ್ತಿ. ಒಂದು ತುತ್ತಿಗಿ ಆಕಿ ಹೊಟ್ಟಿ ತುಂಬತದೇನು? ಇಡೀ ಬಟ್ಟಲ ಆಕಿಗೇ ಇರ್ಲಿ. ಏನು ಬೇಕು, ಏನು ಬ್ಯಾಡ, ಆಕಿನೇ ಹೇಳ್ಲಿ."

ಅತ್ತೆ ತಾನೇ ಒಂದು ಬಟ್ಟಲು ತಂದಿಟ್ಟಳು. ಬದುಕಿರುವ ಸೊಸೆ ಬೇಡ ಎಂದರೆ ಅದು ಸೊಕ್ಕು. ಸತ್ತ ಸೊಸೆ ಬೇಡ ಎಂದರೆ ಊರೇ ಕೇಳುತ್ತದೆ.

ಹಾಗೆ ನಮ್ಮ ಮನೆಯಲ್ಲಿ ನೀಲಮ್ಮನ ಊಟ ಶುರುವಾಯಿತು. ಬೆಳ್ಳುಳ್ಳಿ ಖಾರದ ಬಟ್ಟಲಿನಿಂದ ಟಾಕ ತೆಗೆದಾಗ ಮುಖವೇ ಕಾಣದಷ್ಟು ಕಪ್ಪಾಗಿತ್ತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದಳು. ಪ್ರತಿ ಸಲವೂ ಕಣ್ಣೊಂದು ಬಿಟ್ಟು ಉಳಿದದ್ದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ ಮತ್ತೆ ಇಳಿಬಿಡುತ್ತಿದ್ದೆ. ಉಳ್ಳಾಗಡ್ಡಿಗೂ ಹಾಗೇ, ಇಂಗಿಗೂ ಹಾಗೇ. ಮೂಲಂಗಿಗೆ ಕಪ್ಪು, ತೊಗರಿಬೇಳೆಗೆ ಕಂದು. ಹೀರೇಕಾಯಿಗೆ ಬಿಳಿ. ಹಾಲಗುಂಬಳಕ್ಕೆ ಬಿಳಿ. ಅನ್ನ, ತುಪ್ಪ, ಬೆಲ್ಲ, ಬಾಳೆಹಣ್ಣು ಎಲ್ಲ ಬಿಳಿ. ಜೋಳದ ರೊಟ್ಟಿಯನ್ನು ನೆನೆಸಿಟ್ಟ ದಿನ ನಾನು ಕೈಮುಗಿದು ಕುಳಿತಿದ್ದೆ. ರೊಟ್ಟಿ ಬಿಟ್ಟು ಬದುಕು ಎಂದರೆ ನಮ್ಮವರು ಸಾಯುವುದೇ ಮೇಲೆನ್ನುವವರು. ಮುಂಜಾನೆ ನೀಲಕ್ಕ ಬೆಳ್ಳಗೆ ಇದ್ದಳು, ನಾನು ಆ ಬಟ್ಟಲಿಗೆ ಅಡ್ಡಬಿದ್ದೆ.

ಸಪ್ಪೆ ಊಟ, ಸುಳ್ಳು ಯಾಕೆ ಹೇಳಲಿ. ಒಗ್ಗರಣೆಯ ಚುಂಯ್ ಸದ್ದಿಗೆ ನಾಲಿಗೆ ನೀರೂರಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಆದರೆ ಹೊಟ್ಟೆ ಇಳಿಯಿತು, ದದ್ದು ಆರಿತು. ಹಾಲು ಬತ್ತಬಾರದೆಂದು ದಿನವೂ ಹಿಂಡಿ ಹಿತ್ತಲಿನ ಬೇವಿನ ಮರದ ಬುಡಕ್ಕೆ ಸುರಿಯುತ್ತಿದ್ದೆ. ಮೊದಮೊದಲು ಆ ಹಾಲಿನ ಹತ್ತಿರ ಒಂದು ಇರುವೆಯೂ ಸುಳಿಯುತ್ತಿರಲಿಲ್ಲ. ಅಷ್ಟು ದೊಡ್ಡ ಮರದ ಬುಡದಲ್ಲಿ ನನ್ನ ಹಾಲು ಬಿದ್ದಷ್ಟು ಜಾಗ ಮಾತ್ರ ಬರಿದಾಗಿ ಇರುತ್ತಿತ್ತು. ಒಂದು ದಿನ ನೋಡುತ್ತೇನೆ, ಇರುವೆಗಳು ಸಾಲು ಹಿಡಿದು ಬರುತ್ತಿವೆ! ಅಲ್ಲೇ ಕುಳಿತು ಅತ್ತೆಯನ್ನು ಕೂಗಿ ಕರೆದೆ.

ಅತ್ತೆ ಇರುವೆ ನೋಡಿದಳು, ನನ್ನ ಕೊರಳ ಬಿಳಿ ಟಾಕ ನೋಡಿದಳು. "ಕೂಸಿಗಿ ಕೊಡ್ರಿ ಅತ್ತಿ" ಎಂದೆ. "ನಾಳಿಗಿ ನೋಡೂಣು" ಎಂದು ಒಳಗೆ ಹೋದಳು.

ಅಂದು ರಾತ್ರಿ ಅವಳೇ ನನಗೆ ಅನ್ನ ತುಪ್ಪ ಬಡಿಸಿದಳು. ವಾಡಿಕೆಯಂತೆ ಅದೇ ಅನ್ನ ನೀಲಕ್ಕನ ಬಟ್ಟಲಿಗೂ ಹೋಯಿತು. ಮುಂಜಾನೆ ಟಾಕ ತೆಗೆದೆ. ಕಪ್ಪು. ಕಣ್ಣು, ಮೂಗು, ತುಟಿ ಎಲ್ಲ ಕಪ್ಪು. ನಿನ್ನೆಯವರೆಗೆ ಬಿಳಿ ತೋರಿಸಿದ್ದ ಅನ್ನ!

ಅನ್ನವೂ ಬೇಡವೆಂದರೆ ಇನ್ನೇನು ಉಳಿಯಿತು? ಇವಳು ನನಗೆ ದಾರಿ ತೋರಿಸುತ್ತಿಲ್ಲ, ಒಂದೊಂದೇ ತುತ್ತು ಕಿತ್ತುಕೊಂಡು ತನ್ನ ಹತ್ತಿರ ಎಳೆದುಕೊಳ್ಳುತ್ತಿದ್ದಾಳೆ ಅನ್ನಿಸಿತು. "ನಿನಗ ಏನು ಬೇಕಾಗ್ಯಾದ ನೀಲಕ್ಕ? ನನ್ನ ಕೂಸು ಬೇಕೇನು?" ಎಂದು ಟಾಕ ಹಿಡಿದು ಕಿರುಚಿದೆ.

ಅತ್ತೆ ಓಡಿ ಬಂದಳು. ನನ್ನ ಅಂಗೈಯಲ್ಲಿದ್ದ ಕಪ್ಪು ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಆಕಿದಲ್ಲ, ತಪ್ಪು ನಂದು" ಎಂದಳು. "ನೀ ಸೊರಗಿದ್ದಿ. ಹಾಲು ಬತ್ತತದಂತ ಅಂಜಿಕಿ ಬಂತು. ಬಳ್ಳೊಳ್ಳಿ ಜಜ್ಜಿ ರಸ ತುಪ್ಪದಾಗ ಕಲಸಿದ್ದೆ, ನಿನಗ ಗೊತ್ತಾಗಬಾರದಂತ."

ಉಣ್ಣುವಾಗ ಆ ವಾಸನೆ ನನಗೂ ಬಡಿದಿತ್ತು, ನನ್ನ ಮೂಗನ್ನು ನಂಬುವುದು ಬಿಟ್ಟಿದ್ದವಳು ಹಾಗೇ ಉಂಡಿದ್ದೆ. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಯಾಕೆಂದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ. ಟಾಕವನ್ನೇ ನೋಡುತ್ತಿದ್ದಳು.

"ಆಕಿಗೂ ಹಂಗೇ ಮಾಡಿದ್ದೆ" ಎಂದಳು. "ಒಲ್ಲೆ ಅತ್ತಿ, ಹೊಟ್ಟ್ಯಾಗ ಬೆಂಕಿ ಬೀಳ್ತದ ಅಂತಿದ್ದಳು. ಬಾಯಿ ಬಿಗಿಹಿಡೀತಿದ್ದಳು. ನಾ ಅನ್ನದಾಗ ಮುಚ್ಚಿ ಮುಚ್ಚಿ ಉಣ್ಣಿಸಿದೆ. ಕಡೀತನಕ ಉಣ್ಣಿಸಿದೆ."

ನಾನು ಅವಳ ಕೈ ಹಿಡಿದುಕೊಂಡೆ. ಆ ಕೈ ಬೆಳ್ಳುಳ್ಳಿ ನಾರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಕೈ ಬಿಡಿಸಿಕೊಂಡು ಹುಣಸೆಹಣ್ಣು ತಂದಳು. ನನ್ನಿಂದ ಟಾಕ ತೆಗೆದುಕೊಂಡು ತಾನೇ ತಿಕ್ಕಿದಳು, ಕಣ್ಣು ಬರುವ ತನಕ ತಿಕ್ಕಿದಳು.

ಆ ಅನ್ನದ ನಂಜು ನನ್ನ ಮೈಯಿಂದ ಇಳಿಯಲು ಕೆಲವು ದಿನ ಹಿಡಿಯಿತು. ಇರುವೆಗಳು ಮತ್ತೆ ಬಂದ ದಿನ ಅತ್ತೆ ಕೂಸನ್ನು ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಹಾಕಿದಳು. ಮಗಳು ಮುಖ ತಿರುಗಿಸಲಿಲ್ಲ. ಮೊದಲು ಮೂಸಿದಂತೆ ಮಾಡಿದಳು, ಆಮೇಲೆ ಬಾಯಿ ಹಚ್ಚಿದಳು. ಒಂದು ಕೈಯಲ್ಲಿ ಟಾಕವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳು ಗುಟುಕರಿಸುವ ಸದ್ದು ಕೇಳಿ ಕಂಬಳಿಯ ಆಚೆ ನನ್ನ ಗಂಡ ಕೆಮ್ಮಿದ. "ಕಾಶಿ" ಎಂದು ಕರೆದ. ಈ ಸಲ ಓ ಎಂದೆ.

ಆ ಮಗಳೀಗ ದೊಡ್ಡವಳಾಗಿದ್ದಾಳೆ. ನಾನು ಇಂದಿಗೂ ಬೆಳ್ಳುಳ್ಳಿ, ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಹೊಸ ತರಕಾರಿ ಬಂದರೆ ನೀಲಕ್ಕ ಮೊದಲು ಉಂಡು ನೋಡುತ್ತಾಳೆ. ಉದಗೀರಿನ ಆ ಬಾಕಿನ ಮೇಲೆ ಮುದುಕಿ ಯಾರಿಗೆ ಜಾಗ ಬಿಟ್ಟಳೋ ನನಗೆ ಗೊತ್ತಿಲ್ಲ, ತಿಳಿಯಬೇಕೆಂಬ ಆಸೆಯೂ ಇಲ್ಲ. ಅಂದು ಭಯಪಟ್ಟಿದ್ದೆ, ಈಗ ಭಯವಿಲ್ಲ.

ಕೂಸು ಹಾಲು ಕುಡಿದ ಆ ದಿನ ಮಧ್ಯಾಹ್ನ ಅತ್ತೆ ಒಲೆಯ ಮೇಲೆ ತೂಗುತ್ತಿದ್ದ ಬೆಳ್ಳುಳ್ಳಿ ಗೊಂಚಲು ಬಿಚ್ಚಿ ತಿಪ್ಪೆಗೆ ಎಸೆದಳು. ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಅನ್ನ, ತುಪ್ಪ, ಹೀರೇಕಾಯಿ ಪಲ್ಯ ಮಾಡಿ ತಾಟಿನಲ್ಲಿ ಬಡಿಸಿ, ಟಾಕವನ್ನು ಅನ್ನದ ಮೇಲೆ ಮಲಗಿಸದೆ ಎದುರಿಗೆ ಒರಗಿಸಿ ಕೂರಿಸಿದಳು. ಆಮೇಲೆ ತಾನೂ ಎದುರಿಗೆ ಕುಳಿತು ತುತ್ತು ಕಲಸಿ, ಆ ಬಿಗಿದ ತುಟಿಯ ಹತ್ತಿರ ಹಿಡಿದಳು.

"ಇವತ್ತರೆ ಉಣ್ಣು, ನೀಲಾ" ಎಂದಳು. "ಇದರಾಗ ಏನೂ ಮುಚ್ಚಿಟ್ಟಿಲ್ಲ."